ಬಿಸಿ ಔಷಧಕ್ಕಿಂತ ಮುಂಚೆ ಕತ್ತರಿ: ಉದರಪೊರೆಯ ಕ್ಯಾನ್ಸರ್, ಹೈಪೆಕ್ ಚಿಕಿತ್ಸೆ ಮತ್ತು ಗಡಿಭಾಗದ ರೋಗಿ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಪ್ರಶ್ನೋತ್ತರದ ಸ್ವಲ್ಪ ಭಾಗವಿದೆ.)

ನನ್ನ ಧ್ವನಿ ಕೇಳಿಸ್ತಿದೆ ಅಂದ್ಕೊಳ್ತೀನಿ. ನೆಟ್‌ವರ್ಕ್ ಕೈಕೊಟ್ಟರೆ ಚಾಟ್‌ನಲ್ಲಿ ಒಂದು ಮಾತು ಹಾಕಿ.

ಮೊದಲೇ ಹೇಳಿಬಿಡ್ತೀನಿ, ನಾನು ಶಸ್ತ್ರವೈದ್ಯನಲ್ಲ. ಜೀವರಸಾಯನ ಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ, ಊರು ಮಡಕಶಿರಾ ಕಡೆ. ಈ ವಿಷಯ ಆರಿಸಿಕೊಳ್ಳೋಕೆ ಕಾರಣ ಒಂದು ಪ್ರಶ್ನೆ. ನನ್ನ ಸೋದರಮಾವನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿ ಒಂದು ಆಪರೇಶನ್ ಆಗಿತ್ತು. ಒಂದೂವರೆ ವರ್ಷದ ಮೇಲೆ ಹೊಟ್ಟೆ ಊದಿಕೊಂಡಿತು. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಷ್ಟರಲ್ಲಿ ಯಾರೋ ಹೇಳಿದ್ದರು, ಹೊಟ್ಟೆ ಬಿಚ್ಚಿ ಬಿಸಿ ಬಿಸಿ ಔಷಧ ಸುರಿದು ತೊಳೆಯುವ ಹೊಸ ಚಿಕಿತ್ಸೆ ಬಂದಿದೆ ಅಂತ. ಮನೆಯವರು ಎರಡು ಎಕರೆ ಹೊಲ ಮಾರೋಕೂ ತಯಾರಾದರು. ವೈದ್ಯರು ದುರ್ಬೀನು ಹಾಕಿ ಒಳಗೆ ನೋಡಿ, ಏನೂ ಮಾಡದೆ ಮುಚ್ಚಿದರು. "ಇದಕ್ಕೆ ಆ ಚಿಕಿತ್ಸೆ ಆಗಲ್ಲ" ಅಂದರು. ಕೆಲವು ತಿಂಗಳು ಮಾಮೂಲಿ ಕೀಮೋ ನಡೆಯಿತು. ಮಾವ ಮನೆಯಲ್ಲೇ ತೀರಿಕೊಂಡರು.

ತಿಥಿ ಮುಗಿದ ಮೇಲೆ ಬಾವ, ಅಂದರೆ ಮಾವನ ಮಗ, ನನ್ನನ್ನು ಹಿತ್ತಲಿಗೆ ಕರೆದು ಕೇಳಿದ: "ನೀನು ಓದಿರೋನು, ನಿಜ ಹೇಳು. ದುಡ್ಡು ರೆಡಿ ಐತೆ ಅಂದ್ರೂ ಮಾಡ್ಲಿಲ್ಲ. ಆ ಬಿಸಿ ಔಷಧ ಹಾಕಿದ್ದಿದ್ರೆ ಅಪ್ಪ ಉಳೀತಿದ್ನೇನು?"

ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿನ ಮಾತು ಆ ಉತ್ತರ ಹುಡುಕಿದ್ದರ ಲೆಕ್ಕ.

ಈ ಚಿಕಿತ್ಸೆಗೆ ವೈದ್ಯರು ಸಾಮಾನ್ಯವಾಗಿ ಹೇಳುವ ಹೆಸರು 'ಹೈಪೆಕ್'. ಹೆಸರಿನಲ್ಲಿರುವುದು ಶಾಖ, ಹೊಟ್ಟೆಯ ಒಳಭಾಗ ಮತ್ತು ಕೀಮೋ ಮಾತ್ರ. ಅದಕ್ಕಿಂತ ಮುಂಚೆ ನಡೆಯುವ ಶಸ್ತ್ರಚಿಕಿತ್ಸೆಯ ಹೆಸರು 'ಸೈಟೋರಿಡಕ್ಷನ್'. ಗಡ್ಡೆಗಳನ್ನೆಲ್ಲ ಕಿತ್ತು ರೋಗದ ಹೊರೆ ಇಳಿಸುವ ಕೆಲಸ ಅದು. ಜನರ ಬಾಯಲ್ಲಿ ಉಳಿದದ್ದು ಬಿಸಿ ಔಷಧ ಮಾತ್ರ, ಕತ್ತರಿಯ ಕೆಲಸ ಮರೆತೇ ಹೋಗಿದೆ. ನಮ್ಮ ಮನೆಯ ತಪ್ಪು ತಿಳಿವಳಿಕೆಯೂ ಅಲ್ಲಿಂದಲೇ ಶುರುವಾದದ್ದು.

ಮೊದಲು ಪೊರೆಯ ವಿಷಯ. ನಮ್ಮ ಹೊಟ್ಟೆಯ ಗೋಡೆಗೆ ಒಳಗಡೆಯಿಂದ ತೆಳುವಾದ, ಹೊಳೆಯುವ ಒಂದು ಪೊರೆ ಅಂಟಿಕೊಂಡಿದೆ. ಅದೇ ಪೊರೆ ಮಡಿಸಿಕೊಂಡು ಕರುಳು, ಲಿವರ್, ಗುಲ್ಮ, ಗರ್ಭಕೋಶ ಇವುಗಳ ಮೇಲೂ ಹಾಸಿದೆ. ಇದು ಪೆರಿಟೋನಿಯಮ್, ಕನ್ನಡದಲ್ಲಿ ಉದರಪೊರೆ. ಎಲ್ಲ ಮಡಿಕೆಗಳನ್ನೂ ಬಿಡಿಸಿ ಹರಡಿದರೆ ಸುಮಾರು ನಮ್ಮ ಮೈಚರ್ಮದಷ್ಟು ವಿಸ್ತಾರ ಆಗುತ್ತದೆ. ನಮ್ಮ ಕಡೆ ಕುರಿ ಕೊಯ್ಯುವುದನ್ನು ನೋಡಿದವರಿಗೆ ಇನ್ನೊಂದು ಅಂಗವೂ ಗೊತ್ತಿರುತ್ತೆ: ಕರುಳಿನ ಮುಂದೆ ಬಲೆ ಥರ ಇಳಿಬಿದ್ದಿರುವ ಕೊಬ್ಬಿನ ಪರದೆ. ಮನುಷ್ಯರಲ್ಲೂ ಅದಿದೆ, ಒಮೆಂಟಮ್ ಅಂತಾರೆ. ಕ್ಯಾನ್ಸರ್ ಕಣಗಳು ಬಂದು ಕೂರಲು ಅತಿ ಇಷ್ಟಪಡುವ ಜಾಗ ಇದು.

ಅಂಡಾಶಯ, ಅಪೆಂಡಿಕ್ಸ್, ದೊಡ್ಡ ಕರುಳು, ಜಠರ ಇವುಗಳ ಕ್ಯಾನ್ಸರ್ ಅಂಗದ ಗೋಡೆಯನ್ನು ತೂರಿ ಹೊರಬಂದಾಗ ಕಣಗಳು ಹೊಟ್ಟೆಯೊಳಗಿನ ದ್ರವಕ್ಕೆ ಉದುರುತ್ತವೆ. ಆ ದ್ರವ ನಿಂತ ನೀರಲ್ಲ, ಸುತ್ತುತ್ತಿರುತ್ತದೆ. ಉಸಿರಾಡುವಾಗ ಬಲಪಕ್ಕದಿಂದ ಮೇಲೆ ಲಿವರ್ ಹಿಂದಕ್ಕೆ ಹೋಗುತ್ತೆ, ನಿಂತಾಗ ಕೆಳಗೆ ಕಿಬ್ಬೊಟ್ಟೆಯ ಗುಂಡಿಗೆ ಇಳಿಯುತ್ತೆ. ಹಾಗಾಗಿ ಕಣಗಳು ವಪೆಯ ಕೆಳಗೆ, ಕೊಬ್ಬಿನ ಪರದೆಯಲ್ಲಿ, ಕಿಬ್ಬೊಟ್ಟೆಯಲ್ಲಿ ಮೊದಲು ನೆಲೆಯೂರುತ್ತವೆ. ಸಣ್ಣ ಕರುಳು ಸದಾ ಅಲ್ಲಾಡುತ್ತಾ ಇರೋದರಿಂದ ಅದರ ಮೇಲೆ ಅವು ಕೂರುವುದು ಸಾಮಾನ್ಯವಾಗಿ ತಡ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮಾವನ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಹೀಗೆ ಹರಡಿದ ರೋಗಕ್ಕೆ ರಕ್ತನಾಳದಲ್ಲಿ ಕೊಡುವ ಕೀಮೋ ಚೆನ್ನಾಗಿ ತಲುಪುವುದಿಲ್ಲ. ರಕ್ತಕ್ಕೂ ಹೊಟ್ಟೆಯ ಒಳಜಾಗಕ್ಕೂ ನಡುವೆ ಒಂದು ತಡೆ ಇದೆ. ಇದೇ ತಡೆಯನ್ನು ಉಲ್ಟಾ ಉಪಯೋಗಿಸಿಕೊಂಡರೆ? ಔಷಧವನ್ನು ನೇರವಾಗಿ ಹೊಟ್ಟೆಯೊಳಗೇ ಸುರಿದರೆ ಅದು ಅಲ್ಲೇ ಗಾಢವಾಗಿ ಉಳಿಯುತ್ತದೆ, ರಕ್ತಕ್ಕೆ ಹೋಗುವುದು ಕಡಿಮೆ. ಜೊತೆಗೆ ಶಾಖ. 41ರಿಂದ 43 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಮೈಟೋಮೈಸಿನ್, ಸಿಸ್‌ಪ್ಲಾಟಿನ್‌ನಂಥ ಔಷಧಗಳು ಹೆಚ್ಚು ಕೆಲಸ ಮಾಡುತ್ತವೆ, ಕ್ಯಾನ್ಸರ್ ಕೋಶಕ್ಕೆ ತನ್ನ ಡಿಎನ್‌ಎ ರಿಪೇರಿ ಮಾಡಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಅದಕ್ಕಿಂತ ಬಿಸಿ ಏರಿಸಿದರೆ ಕರುಳೇ ಸುಡುತ್ತದೆ. ಅಮೆರಿಕದ ಲೂಯಿವಿಲ್‌ನಲ್ಲಿ ಜಾನ್ ಸ್ಪ್ರ್ಯಾಟ್ ಮತ್ತು ಸಂಗಡಿಗರು ಇಂಥ ಯಂತ್ರ ಮಾಡಿ ಒಬ್ಬ ರೋಗಿಯಲ್ಲಿ ಬಳಸಿದ್ದನ್ನು 1980ರಲ್ಲಿ ಪ್ರಕಟಿಸಿದರು. ಆಮೇಲೆ ವಾಷಿಂಗ್ಟನ್‌ನ ಪಾಲ್ ಶುಗರ್‌ಬೇಕರ್ ಪೊರೆಯನ್ನು ಭಾಗಭಾಗವಾಗಿ ಸುಲಿದು ತೆಗೆಯುವ ಶಸ್ತ್ರಕ್ರಮವನ್ನು ವಿವರಿಸಿದರು. 1995ರ ಅವರ ಪ್ರಬಂಧ ಈ ಕ್ಷೇತ್ರದವರೆಲ್ಲ ಓದುವಂಥದ್ದು.

ಈಗ ಮುಖ್ಯ ಮಾತು. ಹೊಟ್ಟೆಗೆ ಸುರಿದ ಔಷಧ ಗಡ್ಡೆಯೊಳಗೆ ಎಷ್ಟು ಆಳ ಇಳಿಯುತ್ತೆ? ಬಹಳ ಅಂದ್ರೆ 2-3 ಮಿಲಿಮೀಟರ್. ನಮ್ಮ ಕಡೆಯ ಅಳತೆಯಲ್ಲಿ ಹೇಳೋದಾದ್ರೆ, ಗಂಟು ರಾಗಿ ಕಾಳಿನಷ್ಟಿದ್ದರೆ ಔಷಧಕ್ಕೆ ಸಿಗುತ್ತದೆ. ಕಡಲೆಕಾಯಿ ಬೀಜದಷ್ಟಿದ್ದರೆ ಮೇಲಿನ ಸಿಪ್ಪೆ ಮಾತ್ರ ನೆನೆಯುತ್ತದೆ, ಒಳಗಿನ ತಿರುಳು ಹಾಗೇ ಇರುತ್ತದೆ. ಅದಕ್ಕೇ ಶಸ್ತ್ರವೈದ್ಯರು ಮೊದಲು ಕಣ್ಣಿಗೆ ಕಾಣುವುದೆಲ್ಲವನ್ನೂ ತೆಗೆಯಬೇಕು. ಆಪರೇಶನ್ ಮುಗಿದ ಮೇಲೆ ಉಳಿದದ್ದಕ್ಕೆ ಒಂದು ಲೆಕ್ಕ ಇದೆ: ಏನೂ ಕಾಣುತ್ತಿಲ್ಲ ಅಂದರೆ ಸೊನ್ನೆ, 2.5 ಮಿ.ಮೀ.ಗಿಂತ ಚಿಕ್ಕವು ಉಳಿದಿದ್ದರೆ ಒಂದು, ಅಲ್ಲಿಂದ 2.5 ಸೆಂಟಿಮೀಟರ್‌ವರೆಗೆ ಎರಡು, ಅದಕ್ಕೂ ದೊಡ್ಡವು ಉಳಿದರೆ ಮೂರು. ಸೊನ್ನೆ ಅಥವಾ ಒಂದು ಬಂದರೆ ಮಾತ್ರ ಬಿಸಿ ಔಷಧಕ್ಕೆ ಅರ್ಥ. ಎರಡು, ಮೂರು ಬಂದಲ್ಲಿ ಎಷ್ಟು ಬಿಸಿ ಸುರಿದರೂ ರೋಗಿಗೆ ಗಾಯ ಉಳಿಯುತ್ತೆ, ಲಾಭ ಉಳಿಯಲ್ಲ.

ಆಪರೇಶನ್ ಅಂದ್ರೆ ಎಂಥ ಆಪರೇಶನ್ ಅನ್ನೋದನ್ನೂ ಹೇಳಬೇಕು. ಎದೆಗೂಡಿನ ಕೆಳಗಿನಿಂದ ಕಿಬ್ಬೊಟ್ಟೆಯವರೆಗೆ ಉದ್ದಕ್ಕೆ ಬಿಚ್ಚುತ್ತಾರೆ. ಕೊಬ್ಬಿನ ಪರದೆ, ರೋಗ ಹತ್ತಿದ ಪೊರೆ, ಬೇಕಾದರೆ ಗುಲ್ಮ, ಪಿತ್ತಕೋಶ, ಕರುಳಿನ ತುಂಡುಗಳು, ಹೆಂಗಸರಲ್ಲಿ ಗರ್ಭಕೋಶ, ಅಂಡಾಶಯ ಎಲ್ಲ ತೆಗೆಯಬೇಕಾಗಬಹುದು. ಆರು ಗಂಟೆಯಿಂದ ಹನ್ನೆರಡು ಗಂಟೆಯವರೆಗೂ ಹೋಗುತ್ತೆ. ಆಮೇಲೆ ಕೊಳವೆ ಇಟ್ಟು, ಪಂಪು ಮತ್ತು ಶಾಖಯಂತ್ರದ ಮೂಲಕ ಔಷಧದ ದ್ರವವನ್ನು 30ರಿಂದ 90 ನಿಮಿಷ ಹೊಟ್ಟೆಯೊಳಗೆ ಸುತ್ತಿಸುತ್ತಾರೆ. ಒಳಗೆ ಅಲ್ಲಲ್ಲಿ ತಾಪಮಾಪಕ ಇರುತ್ತವೆ. ರೋಗಿಯ ಮೈ ಬಿಸಿ ಏರುವುದರಿಂದ ಅರಿವಳಿಕೆ ವೈದ್ಯರು ಇನ್ನೊಂದು ಕಡೆಯಿಂದ ಮೈ ತಣ್ಣಗೆ ಮಾಡ್ತಾ ಇರಬೇಕು. ಮುಗಿದ ಮೇಲೆ ಐಸಿಯು, ನಂತರ ಎರಡು ಮೂರು ವಾರ ಆಸ್ಪತ್ರೆ. ಹೊಲಿದ ಕರುಳು ಸೋರಬಹುದು, ಸೋಂಕು, ರಕ್ತಸ್ರಾವ ಆಗಬಹುದು, ಬಿಳಿ ರಕ್ತಕಣ ಇಳಿಯಬಹುದು. ಸಿಸ್‌ಪ್ಲಾಟಿನ್ ಆದರೆ ಕಿಡ್ನಿಗೆ ಪೆಟ್ಟು ಬೀಳಬಹುದು, ಅದಕ್ಕೆ ಸೋಡಿಯಂ ಥಯೋಸಲ್ಫೇಟ್ ಕೊಟ್ಟು ಕಾಪಾಡಿಕೊಳ್ಳುತ್ತಾರೆ. ಅನುಭವಿ ಕೇಂದ್ರಗಳಲ್ಲೂ ನೂರಕ್ಕೆ ಒಬ್ಬರಿಂದ ಮೂವರ ಆಸುಪಾಸು ಸಾಯುತ್ತಾರೆ.

ಇಂಥ ದೊಡ್ಡ ಕೆಲಸಕ್ಕೆ ಇಳಿಯುವ ಮುಂಚೆ ರೋಗ ಎಷ್ಟು ಹರಡಿದೆ ಅಂತ ಅಳೆಯಬೇಕಲ್ಲ. ಅದಕ್ಕೊಂದು ಸೂಚ್ಯಂಕ ಇದೆ, ಪಿಸಿಐ. ಹೊಟ್ಟೆಯ ಮೇಲೆ ಅಡ್ಡ ಎರಡು, ಉದ್ದ ಎರಡು ಗೆರೆ ಎಳೆದರೆ ಒಂಬತ್ತು ಮನೆ ಬರುತ್ತವೆ. ಸಣ್ಣ ಕರುಳಿಗೆ ಬೇರೆಯಾಗಿ ನಾಲ್ಕು ಮನೆ. ಒಟ್ಟು 13. ಪ್ರತಿ ಮನೆಗೂ ಗಡ್ಡೆಯ ಗಾತ್ರ ನೋಡಿ ಸೊನ್ನೆಯಿಂದ ಮೂರರವರೆಗೆ ಅಂಕ. ಗರಿಷ್ಠ 39. ಶಾಲೆಯ ಅಂಕದ ಥರ ಅಲ್ಲ, ಇಲ್ಲಿ ಕಡಿಮೆ ಬಂದಷ್ಟೂ ಒಳ್ಳೆಯದು. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ 20 ದಾಟಿದರೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಜಠರದ್ದಾದರೆ ಮಿತಿ ಇನ್ನೂ ಕಡಿಮೆ. ಅರ್ಧ ಸೆಂಟಿಮೀಟರಿಗಿಂತ ಚಿಕ್ಕ ಗಂಟುಗಳನ್ನು ಸಿ.ಟಿ. ಸ್ಕ್ಯಾನ್ ಬಹಳ ಸಲ ತೋರಿಸುವುದೇ ಇಲ್ಲ. ಆದ್ದರಿಂದ ದುರ್ಬೀನು ಹಾಕಿ ನೋಡುತ್ತಾರೆ.

ಮಾವನಿಗೆ ಮಾಡಿದ್ದು ಅದನ್ನೇ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಸಾಲು ಇತ್ತು: ಸೂಚ್ಯಂಕ 20ಕ್ಕಿಂತ ಹೆಚ್ಚು, ಸಣ್ಣ ಕರುಳಿನ ಮೇಲ್ಮೈ ಪೂರ್ತಿ ಆವರಿಸಿದೆ. ಮನೆಯಲ್ಲಿ ಯಾರಿಗೂ ಆ ಸಾಲಿನ ಅರ್ಥ ಗೊತ್ತಿರಲಿಲ್ಲ. ಗರ್ಭಕೋಶ ತೆಗೆದು ಬದುಕಬಹುದು, ಗುಲ್ಮ ತೆಗೆದು ಬದುಕಬಹುದು. ಸಣ್ಣ ಕರುಳನ್ನು ಪೂರ್ತಿ ತೆಗೆದರೆ ಉಂಡದ್ದು ಮೈಗೆ ಹತ್ತುವುದು ಎಲ್ಲಿಂದ? ತಡವಾಗಿ ರೋಗ ಹತ್ತುವ ಜಾಗಕ್ಕೇ ಹತ್ತಿತ್ತು ಅಂದರೆ ಉಳಿದೆಲ್ಲ ಕಡೆ ಆಗಲೇ ತುಂಬಿತ್ತು ಅಂತ ಅರ್ಥ.

ಹಾಗಾದರೆ ಬಿಸಿ ಔಷಧದ ಪಾಲೆಷ್ಟು, ಕತ್ತರಿಯ ಪಾಲೆಷ್ಟು? ಸಂಶೋಧನಾ ವಿದ್ಯಾರ್ಥಿಯಾಗಿ ನನಗೆ ಬಹಳ ಹಿಡಿಸಿದ ಭಾಗ ಇದು. 2003ರಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಒಂದು ಅಧ್ಯಯನ ಬಂತು. ಕರುಳಿನ ಕ್ಯಾನ್ಸರ್ ಪೊರೆಗೆ ಹರಡಿದ 105 ಜನ. ಅರ್ಧ ಜನಕ್ಕೆ ಮಾಮೂಲಿ ಕೀಮೋ, ಅರ್ಧ ಜನಕ್ಕೆ ಶಸ್ತ್ರಚಿಕಿತ್ಸೆ ಮತ್ತು ಬಿಸಿ ಔಷಧ. ಮೀಡಿಯನ್ ಬದುಕಿನ ಅವಧಿ, ಅಂದರೆ ಅರ್ಧದಷ್ಟು ರೋಗಿಗಳು ದಾಟಿದ ಗಡಿ, ಮೊದಲ ಗುಂಪಿನಲ್ಲಿ 12.6 ತಿಂಗಳು, ಎರಡನೆಯದರಲ್ಲಿ 22.3. ಎಲ್ಲರೂ ಹೈಪೆಕ್ ಗೆದ್ದಿತು ಅಂದರು. ಆದರೆ ಎರಡನ್ನೂ ಒಟ್ಟಿಗೆ ಕೊಟ್ಟಾಗ ಗೆದ್ದದ್ದು ಯಾವುದು ಅಂತ ಹೇಗೆ ಹೇಳೋದು?

ಆ ಗಂಟನ್ನು ಬಿಡಿಸೋಕೆ ಫ್ರಾನ್ಸ್‌ನವರು 'ಪ್ರಾಡಿಜ್ 7' ಮಾಡಿದರು, ಫಲಿತಾಂಶ 2021ರಲ್ಲಿ ಪ್ರಕಟವಾಯಿತು. 265 ಜನ. ಎಲ್ಲರಿಗೂ ಶಸ್ತ್ರಚಿಕಿತ್ಸೆ ಆಯಿತು. ಅರ್ಧ ಜನಕ್ಕೆ ಮಾತ್ರ ಆಕ್ಸಾಲಿಪ್ಲಾಟಿನ್ ಬಿಸಿ ಔಷಧ, 30 ನಿಮಿಷ. ಫಲ: ಬಿಸಿ ಔಷಧ ಪಡೆದವರಲ್ಲಿ 41.7 ತಿಂಗಳು, ಪಡೆಯದವರಲ್ಲಿ 41.2. ವ್ಯತ್ಯಾಸವೇ ಇಲ್ಲ ಅನ್ನಬಹುದು. ತಡವಾಗಿ ಬರುವ ತೊಂದರೆಗಳು ಮಾತ್ರ ಬಿಸಿ ಔಷಧದ ಗುಂಪಿನಲ್ಲಿ ಹೆಚ್ಚು. ಬೇರೆ ಔಷಧ, ಹೆಚ್ಚು ಹೊತ್ತು ಕೊಟ್ಟಿದ್ದರೆ ಬೇರೆ ಫಲ ಬರುತ್ತಿತ್ತು ಅಂತ ವಾದಿಸುವವರಿದ್ದಾರೆ, ಆ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಸಂಗತಿ. ಎರಡೂ ಗುಂಪಿನವರು 41 ತಿಂಗಳು ದಾಟಿದರಲ್ಲ, ಅದು ಒಳ್ಳೆಯ ಕತ್ತರಿ ಮತ್ತು ಸರಿಯಾದ ಆಯ್ಕೆಯ ಫಲ.

ಹಾಗಂತ ಬಿಸಿ ಔಷಧ ಬರೀ ಆಡಂಬರ ಅಂತ ತೀರ್ಮಾನ ಮಾಡಬೇಡಿ. ಅಂಡಾಶಯದ ಕ್ಯಾನ್ಸರಿನಲ್ಲಿ ಕತೆ ಬೇರೆ. 2018ರಲ್ಲಿ ಪ್ರಕಟವಾದ ಡಚ್ಚರ ಇನ್ನೊಂದು ಅಧ್ಯಯನದಲ್ಲಿ ಮೂರನೇ ಹಂತದ 245 ಹೆಂಗಸರು. ಮೊದಲು ಮೂರು ಸುತ್ತು ಕೀಮೋ, ಆಮೇಲೆ ಆಪರೇಶನ್. ಅರ್ಧ ಜನಕ್ಕೆ ಆಪರೇಶನ್ ಕೊನೆಗೆ ಸಿಸ್‌ಪ್ಲಾಟಿನ್ ಬಿಸಿ ಔಷಧ, 90 ನಿಮಿಷ. ಬದುಕಿನ ಮೀಡಿಯನ್ ಅವಧಿ 33.9 ತಿಂಗಳಿನಿಂದ 45.7ಕ್ಕೆ ಏರಿತು. ಹತ್ತು ವರ್ಷದ ನಂತರ ನೋಡಿದಾಗಲೂ ಆ ಅಂತರ ಉಳಿದಿತ್ತು. ಇನ್ನು ಅಪೆಂಡಿಕ್ಸ್‌ನಿಂದ ಹುಟ್ಟಿ ಹೊಟ್ಟೆಯನ್ನೆಲ್ಲ ಲೋಳೆಯಿಂದ ತುಂಬುವ ಸ್ಯೂಡೋಮಿಕ್ಸೋಮಾ ಅನ್ನುವ ಅಪರೂಪದ ಕಾಯಿಲೆ. 2012ರಲ್ಲಿ 16 ಕೇಂದ್ರಗಳ 2,298 ರೋಗಿಗಳ ಲೆಕ್ಕ ಬಂತು, ಹತ್ತು ವರ್ಷ ದಾಟಿದವರು ಶೇ. 63. ಅದೇ ಹೊಟ್ಟೆ, ಅದೇ ಪೊರೆ. ಹುಟ್ಟಿದ ಅಂಗ ಬೇರೆಯಾದರೆ ಭವಿಷ್ಯವೇ ಬೇರೆ. "ಹೊಟ್ಟೆ ಕ್ಯಾನ್ಸರ್" ಅನ್ನೋ ಒಂದೇ ಮಾತಿನಲ್ಲಿ ಇವನ್ನೆಲ್ಲ ಕಟ್ಟಿಹಾಕೋದು ನಮ್ಮ ಕಡೆಯ ದೊಡ್ಡ ತೊಡಕು.

ಊರಿನ ಕಡೆ ಬರೋಣ. 1953ರಲ್ಲಿ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಹೋಯಿತು. ಮಡಕಶಿರಾ ಅನಂತಪುರ ಜಿಲ್ಲೆಯಲ್ಲೇ ಇತ್ತು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಮನೆಮಾತು ಕನ್ನಡ, ಕಚೇರಿ ತೆಲುಗು, ಆಸ್ಪತ್ರೆಯ ಕಾಗದ ಇಂಗ್ಲಿಷ್. ರಾಯದುರ್ಗದವರಿಗೆ ಬಳ್ಳಾರಿ ಹತ್ತಿರ, ಮಡಕಶಿರಾದವರಿಗೆ ಹಿಂದೂಪುರ ದಾಟಿದರೆ ಬೆಂಗಳೂರು. ಕಾಯಿಲೆ ದೊಡ್ಡದಾದರೆ ಕಾಲು ತಾನಾಗೇ ಕರ್ನಾಟಕದ ಕಡೆ ಹೋಗುತ್ತೆ. 1973ರಲ್ಲಿ ಶುರುವಾದ ಕಿದ್ವಾಯಿಯ ಹೆಸರು ನಮ್ಮ ಹಳ್ಳಿಗಳಲ್ಲಿ ಕ್ಯಾನ್ಸರ್ ಅನ್ನೋದಕ್ಕೆ ಇನ್ನೊಂದು ಹೆಸರೇ ಆಗಿದೆ. "ಅವರನ್ನ ಕಿದ್ವಾಯಿಗೆ ಕರ್ಕೊಂಡೋಗವ್ರೆ" ಅಂದರೆ ಮುಂದೆ ವಿವರಿಸೋದೇ ಬೇಡ. ಹೈಪೆಕ್ ವಿಷಯದಲ್ಲಿ ಬೆಂಗಳೂರಿನ ಮಣಿಪಾಲ್ ಆಸ್ಪತ್ರೆಯಲ್ಲಿದ್ದಾಗ ಡಾ. ಎಸ್.ಪಿ. ಸೋಮಶೇಖರ್ ಮತ್ತು ಸಹೋದ್ಯೋಗಿಗಳು ಭಾರತೀಯ ರೋಗಿಗಳ ಆಯ್ಕೆ ಮತ್ತು ಚಿಕಿತ್ಸಾಕ್ರಮದ ಬಗ್ಗೆ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಅಂದರೆ ಈ ವಿದ್ಯೆ ನಮಗೆ ಒಂದು ಹಗಲಿನ ಬಸ್ ಪ್ರಯಾಣದ ದೂರದಲ್ಲೇ ಇದೆ.

ದುಡ್ಡಿನ ಮಾತು ಚಿಕ್ಕದಾಗಿ. ಆರೋಗ್ಯಶ್ರೀ ಯೋಜನೆ 2007ರ ಏಪ್ರಿಲ್‌ನಲ್ಲಿ ಮೊದಲು ಶುರುವಾದ ಮೂರು ಜಿಲ್ಲೆಗಳಲ್ಲಿ ಅನಂತಪುರವೂ ಒಂದು. 2019ರ ನವೆಂಬರ್‌ನಿಂದ ಅದನ್ನು ಬೆಂಗಳೂರು, ಚೆನ್ನೈ, ಹೈದರಾಬಾದಿನ ಆಯ್ದ ಆಸ್ಪತ್ರೆಗಳಿಗೂ ವಿಸ್ತರಿಸಿದರು. ಈಗ ಎನ್‌ಟಿಆರ್ ವೈದ್ಯಸೇವೆ ಅಂತ ಹೆಸರು. ಯಾವ ಆಸ್ಪತ್ರೆ, ಯಾವ ಚಿಕಿತ್ಸೆ ಪಟ್ಟಿಯಲ್ಲಿದೆ ಅನ್ನೋದು ಬದಲಾಗ್ತಾ ಇರುತ್ತೆ. ಹೊರಡುವ ಮುಂಚೆ ಊರಿನ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ, ಹೊಲದ ಮಾತು ಆಮೇಲೆ.

ದುಡ್ಡಿಗಿಂತ ಹೆಚ್ಚಾಗಿ ನಾವು ಕಳೆದುಕೊಳ್ಳೋದು ಸಮಯ. ಹೊಟ್ಟೆ ಊದಿದರೆ ಗ್ಯಾಸು, ಹೆಂಗಸರಾದರೆ ವಯಸ್ಸಿಗೆ ಬಂದ ಬೊಜ್ಜು. ಜಲೋದರ ಆಗಿದ್ದರೆ "ನೀರು ತೆಗೆಸಿಕೊಂಡು ಬಾ" ಅಂತಾರೆ. ಒಂದು ಸಲ, ಎರಡು ಸಲ, ಮೂರು ಸಲ. ತೆಗೆದ ನೀರನ್ನು ಪರೀಕ್ಷೆಗೆ ಕಳಿಸಿದರೇ ಅಂತ ಯಾರೂ ಕೇಳಲ್ಲ. ಇನ್ನು ಕೆಲವು ಕಡೆ ಅರ್ಧ ಆಪರೇಶನ್ ಆಗಿಬಿಡುತ್ತೆ, ಹೊಟ್ಟೆ ಬಿಚ್ಚಿ, ಸಿಕ್ಕ ಗಡ್ಡೆ ತೆಗೆದು, ಉಳಿದದ್ದನ್ನು ಬಿಟ್ಟು ಮುಚ್ಚುತ್ತಾರೆ. ಪೊರೆ ಒಂದು ಮಟ್ಟಿಗೆ ಬೇಲಿ ಇದ್ದ ಹಾಗೆ. ಆ ಬೇಲಿ ಕತ್ತರಿಸಿದ ಗಾಯದಲ್ಲಿ ಕ್ಯಾನ್ಸರ್ ಕಣ ಇನ್ನೂ ಆಳಕ್ಕೆ ಬೇರು ಬಿಡುತ್ತೆ, ಅಂಟುಗಳು ಬೆಳೆದು ಮುಂದಿನ ಶಸ್ತ್ರವೈದ್ಯರ ಕೆಲಸ ದುಪ್ಪಟ್ಟು ಕಷ್ಟ ಆಗುತ್ತೆ. ಇದರಲ್ಲಿ ಮೊದಲ ಆಪರೇಶನ್ ಯಾರು ಮಾಡ್ತಾರೆ ಅನ್ನೋದು ಎರಡನೆಯದರ ಭವಿಷ್ಯವನ್ನೂ ಬರೆಯುತ್ತೆ.

ಭಾಷೆಯ ಒಂದು ಸಂಗತಿ ಹೇಳಿ ಮುಗಿಸ್ತೀನಿ. ಮಾವನ ಪಕ್ಕದ ಹಾಸಿಗೆಯಲ್ಲಿ ನಮ್ಮ ಕಡೆಯವರೇ ಒಬ್ಬರಿದ್ದರು. ಡಾಕ್ಟರು "ಅಡ್ವಾನ್ಸ್ಡ್ ಸ್ಟೇಜ್" ಅಂದಾಗ ಅವರ ಹೆಂಡತಿ ಸೆರಗಿನ ಗಂಟು ಬಿಚ್ಚುತ್ತಾ "ಅಡ್ವಾನ್ಸ್ ಎಷ್ಟು ಕಟ್ಟಬೇಕು ಸಾರ್?" ಅಂದರು. ನಗು ಬರುವ ಮಾತೇ. ಆದರೆ ಅಲ್ಲಿ ಯಾರೂ ನಗಲಿಲ್ಲ. ಆಕೆ ಆಮೇಲೆ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಅದರಲ್ಲಿ ಏನು ಬರೆದಿತ್ತು ಅಂತ ಅವರಿಗೆ ಕನ್ನಡದಲ್ಲೋ ತೆಲುಗಿನಲ್ಲೋ ಯಾರಾದರೂ ಹೇಳಿದ್ದನ್ನು ನಾನಂತೂ ನೋಡಲಿಲ್ಲ.

ಇಷ್ಟು ನನ್ನ ಮಾತು. ಪ್ರಶ್ನೆಗಳಿದ್ದರೆ ಕೇಳಬಹುದು.

ಪ್ರಶ್ನೆ (ಸ್ನಾತಕೋತ್ತರ ವಿದ್ಯಾರ್ಥಿನಿ): ಶಾಖ ಒಳ್ಳೆಯದು ಅಂದ್ರಿ. ನಮ್ಮಜ್ಜಿ ಗಡ್ಡೆಗೆ ಬಿಸಿ ಶಾಖ ಕೊಡ್ತಾರೆ, ಬಿಸಿನೀರು ಕುಡಿಸ್ತಾರೆ. ಅದರಿಂದ ಏನಾದ್ರೂ ಉಪಯೋಗ ಇದೆಯಾ?

ಉತ್ತರ: ಇಲ್ಲ. ಬಿಸಿನೀರು ಜಠರ ತಲುಪೋದರಲ್ಲಿ ಮೈಯ ಬಿಸಿಗೆ ಬಂದಿರುತ್ತೆ. ಪೊರೆ ಇರೋದು ಕರುಳಿನ ಹೊರಗೆ, ನಾವು ಕುಡಿದದ್ದು ಅಲ್ಲಿಗೆ ಹೋಗೋದೇ ಇಲ್ಲ. ಹೊರಗಿನಿಂದ ಕೊಡುವ ಶಾಖ ಚರ್ಮದಲ್ಲೇ ನಿಲ್ಲುತ್ತೆ. ಅಜ್ಜಿಗೆ ಬಯ್ಯಬೇಡಿ, ಆದರೆ ಆ ಗಡ್ಡೆಯನ್ನು ಡಾಕ್ಟರಿಗೆ ತೋರಿಸಿ.

ಪ್ರಶ್ನೆ (ಅಧ್ಯಾಪಕರು): ಮನೆಯವರು ಡಾಕ್ಟರನ್ನು ಏನು ಕೇಳಬೇಕು? ಎಲ್ಲರಿಗೂ ನಿಮ್ಮ ಹಾಗೆ ಪ್ರಬಂಧ ಓದೋಕಾಗಲ್ಲವಲ್ಲ.

ಉತ್ತರ: ಸರ್, ನಾನು ಬರೆದುಕೊಟ್ಟಿರೋದು ಇಷ್ಟೇ. ಕ್ಯಾನ್ಸರ್ ಹುಟ್ಟಿದ್ದು ಯಾವ ಅಂಗದಲ್ಲಿ? ಪಿಸಿಐ ಎಷ್ಟು? ಪೂರ್ತಿ ತೆಗೆಯೋಕಾಗುತ್ತೆ ಅಂತ ನಿಮಗೆ ಅನ್ನಿಸುತ್ತಾ? ಇಂಥ ಆಪರೇಶನ್ ನಿಮ್ಮಲ್ಲಿ ಎಷ್ಟು ಆಗಿವೆ? ಮೂರನೇ ಪ್ರಶ್ನೆಗೆ "ಇಲ್ಲ" ಅಂತ ಬಂದ ಮೇಲೂ ಯಾರಾದರೂ ಬಿಸಿ ಔಷಧ ಹಾಕ್ತೀವಿ ಅಂದರೆ, ಸಹಿ ಹಾಕುವ ಮುಂಚೆ ಇನ್ನೊಂದು ಕಡೆ ತೋರಿಸಬೇಕು.

ಪ್ರಶ್ನೆ (ಅಧ್ಯಕ್ಷರು): ನಿಮ್ಮ ಬಾವನಿಗೆ ಕೊನೆಗೆ ಏನು ಹೇಳಿದಿರಿ?

ಉತ್ತರ: ಇಲ್ಲಿ ಹೇಳಿದ್ದನ್ನೇ ಹೇಳಿದೆ, ಮೇಡಂ. ರಾಗಿ ಕಾಳು, ಕಡಲೆಕಾಯಿ ಬೀಜ ಎರಡನ್ನೂ ಅಂಗೈ ಮೇಲಿಟ್ಟು ತೋರಿಸಿದೆ. ಹಾಕಿದ್ದಿದ್ದರೆ ಉಳೀತಿರಲಿಲ್ಲ, ಬಹುಶಃ ಆ ಕೊನೆಯ ತಿಂಗಳುಗಳನ್ನೂ ಐಸಿಯುನಲ್ಲೇ ಕಳೀತಿದ್ದರು ಅಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು "ಹಂಗಾದ್ರೆ ಆ ಡಾಕ್ಟ್ರು ಮೋಸ ಮಾಡ್ಲಿಲ್ಲ ಅಂತೀಯ" ಅಂದ. ಹೂಂ ಅಂದೆ. ಆಮೇಲೆ ಅವನೇ ನೆನಪಿಸಿಕೊಂಡು ಹೇಳಿದ, ಮೊದಲ ಆಪರೇಶನ್‌ಗೂ ಆರು ತಿಂಗಳು ಮುಂಚಿನಿಂದ ಮಾವನಿಗೆ ಮಲದಲ್ಲಿ ರಕ್ತ ಹೋಗ್ತಿತ್ತಂತೆ, ಮೂಲವ್ಯಾಧಿ ಅಂದ್ಕೊಂಡು ಸುಮ್ಮನಿದ್ದರಂತೆ. ಒಡಹುಟ್ಟಿದವರಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ 40 ವರ್ಷದಿಂದಲೇ ಕೊಲೊನೋಸ್ಕೋಪಿ ಮಾಡಿಸಿಕೊಳ್ಳೋದು ಒಳ್ಳೇದು. ನಮ್ಮ ಚಿಕ್ಕಮಾವನಿಗೆ 50 ದಾಟಿದೆ. ಅವರಿಗೆ ಹೇಳಿದ್ದೀನಿ. ಕಡಲೆಕಾಯಿ ಕಿತ್ತಾದ ಮೇಲೆ ಹೋಗೋಣ ಅಂದಿದ್ದಾರೆ, ಬಾವ ಜೊತೆಗೆ ಹೋಗ್ತಾನೆ.